ಕಲಬೆರಕೆಯಿಂದ ಸಾವಯವದವರೆಗೆ: ಊಟದ ಮೇಲಿನ ಎಚ್ಚರದ ಇತಿಹಾಸ



ನಾನು ಪಾಠ ಮಾಡುವ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಬಡಿಸುವ ಮೊದಲು ಒಂದು ಸಣ್ಣ ಕ್ರಮವಿದೆ. ಅಡುಗೆ ಮಾಡುವ ಖಾಲಾ ಒಂದು ತಟ್ಟೆಯಲ್ಲಿ ನಾಲ್ಕು ತುತ್ತು ಅನ್ನ, ಮೇಲೊಂದು ಸೌಟು ಸಾಂಬಾರು ಹಾಕಿ ತರುತ್ತಾರೆ. ಆ ದಿನದ ಸರದಿಯ ಶಿಕ್ಷಕರು ಅದನ್ನು ತಿಂದು ನೋಡಿ, ರುಚಿ ನೋಡಿದ ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ ಹಾಕಬೇಕು. ಆಮೇಲೆಯೇ ಮಕ್ಕಳ ಸಾಲು ಮುಂದೆ ಸರಿಯುತ್ತದೆ.

ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಮನೆಯಲ್ಲಿ ಅಮ್ಮಿ ನಮಗೆಲ್ಲ ಬಡಿಸಿ ಕೊನೆಗೆ ಊಟ ಮಾಡುತ್ತಾರೆ. ಇಲ್ಲಿ ನೀವು ಯಾಕೆ ನಮಗಿಂತ ಮೊದಲು ತಿನ್ನುತ್ತೀರಿ?"

"ಅದು ಸರ್ಕಾರದ ಆದೇಶ" ಎಂದೆ. ಅವಳು ತಲೆ ಆಡಿಸಿದಳು. ಆದರೆ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ನಿಜ ಹೇಳಬೇಕೆಂದರೆ, ಪರೀಕ್ಷೆಯ ಕೆಲಸ, ಮಾಹಿತಿ ಕಳುಹಿಸುವ ಅವಸರ ಇದ್ದ ಕೆಲವು ದಿನಗಳಲ್ಲಿ ನಾನು ರುಚಿ ನೋಡದೆಯೇ ಸಹಿ ಹಾಕಿದ್ದುಂಟು. ಆ ಆದೇಶ ಎಲ್ಲಿಂದ ಬಂತು, ಯಾಕೆ ಬಂತು ಎಂದು ಹುಡುಕುತ್ತಾ ಹೋದಾಗ ಒಂದು ದೀರ್ಘ ಇತಿಹಾಸವೇ ತೆರೆದುಕೊಂಡಿತು. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಂತೆಯ ಮೇಲೊಂದು ಕಣ್ಣು

ಕಲಬೆರಕೆ ಇಂದಿನ ರೋಗ, ಹಿಂದಿನ ಕಾಲದಲ್ಲಿ ಎಲ್ಲವೂ ಶುದ್ಧವಾಗಿತ್ತು ಎಂದು ಹಿರಿಯರು ಹೇಳುವುದನ್ನು ನಾವು ಕೇಳಿದ್ದೇವೆ. ಇತಿಹಾಸ ಹಾಗೆ ಹೇಳುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಧಾನ್ಯ, ಎಣ್ಣೆ, ಉಪ್ಪು, ಔಷಧಿಗಳಿಗೆ ಅದೇ ಬಗೆಯ ಕೀಳು ವಸ್ತು ಬೆರೆಸಿದವರಿಗೆ 12 ಪಣ ದಂಡ ವಿಧಿಸುವ ನಿಯಮವಿದೆ. ತಪ್ಪು ನಡೆಯದ ಕಡೆ ದಂಡದ ಅಗತ್ಯ ಬರುವುದಿಲ್ಲವಲ್ಲವೇ?

ಮದೀನಾದ ಸಂತೆಯಲ್ಲಿ ನಡೆದ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಪ್ರವಾದಿ ಮುಹಮ್ಮದ್(ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಒಳಗಿನ ಕಾಳು ಒದ್ದೆಯಾಗಿತ್ತು. ಮಳೆಯಲ್ಲಿ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂಬ ಅರ್ಥದ ಎಚ್ಚರಿಕೆ ನೀಡಿದರು. ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ರಾಶಿಯ ಮೇಲ್ಭಾಗ ನೋಡಿ ನಂಬದೆ ಒಳಗೆ ಕೈ ಹಾಕಿ ಪರೀಕ್ಷಿಸಿದ್ದು. ಎರಡು, ಒದ್ದೆಯಾದದ್ದು ಅಪರಾಧವಲ್ಲ, ಅದನ್ನು ಮುಚ್ಚಿಟ್ಟದ್ದು ಅಪರಾಧ ಎಂಬ ತೀರ್ಮಾನ. ಇಂದು ಪೊಟ್ಟಣದ ಮೇಲೆ ಒಳಗಿನ ಪದಾರ್ಥಗಳ ಪಟ್ಟಿ ಅಚ್ಚು ಮಾಡಬೇಕೆಂಬ ಕಾನೂನಿನ ತಿರುಳೂ ಇದೇ.

ಮುಂದೆ ಇಸ್ಲಾಮೀ ನಗರಗಳಲ್ಲಿ ಇದು ಒಂದು ಹುದ್ದೆಯಾಗಿ ಬೆಳೆಯಿತು. ಆ ಅಧಿಕಾರಿಗೆ ಮುಹ್ತಸಿಬ್ ಎಂದು ಹೆಸರು. ತೂಕ, ಅಳತೆ, ಬೀದಿಯ ಸ್ವಚ್ಛತೆ, ಆಹಾರದ ಶುದ್ಧತೆ ಎಲ್ಲವೂ ಅವನ ಹೊಣೆ. 12ನೇ ಶತಮಾನದಲ್ಲಿ ಸಿರಿಯಾದ ಅಲ್-ಶೈಝರಿ ಈ ಅಧಿಕಾರಿಗಳಿಗಾಗಿ ಒಂದು ಕೈಪಿಡಿಯನ್ನೇ ಬರೆದ. ಹಿಟ್ಟು ನಾದುವವನು ಕಾಲು, ಮೊಣಕೈ ಬಳಸಬಾರದು. ಮಾತಾಡುವಾಗ, ಸೀನುವಾಗ ಉಗುಳು ಸಿಡಿಯದಂತೆ ಬಾಯಿಗೆ ಬಟ್ಟೆ ಕಟ್ಟಬೇಕು. ಬೆವರು ಹಿಟ್ಟಿಗೆ ಬೀಳದಂತೆ ಹಣೆಗೆ ಪಟ್ಟಿ ಕಟ್ಟಬೇಕು. ನೊಣ ಓಡಿಸಲು ಪಕ್ಕದಲ್ಲಿ ಒಬ್ಬ ಇರಬೇಕು. ಹೀಗೆ ಪ್ರತಿ ಕಸುಬಿಗೂ ಸೂಚನೆಗಳಿವೆ. ಇಂದಿನ ಹೋಟೆಲುಗಳ ತಲೆಟೋಪಿ, ಕೈಗವಸಿನ ನಿಯಮಕ್ಕೆ ಎಂಟು ಶತಮಾನ ಹಿಂದಿನ ಅಜ್ಜ ಇದು ಎಂದರೆ ತಪ್ಪಾಗಲಾರದು.

ಉರ್ದು ಓದುವ ಮಕ್ಕಳೆಲ್ಲ ಕೇಳಿರುವ ಮತ್ತೊಂದು ಕಥೆಯನ್ನೂ ಇಲ್ಲಿ ನೆನೆಯಬಹುದು. ಹಝ್ರತ್ ಉಮರ್(ರ) ಹಾಲಿಗೆ ನೀರು ಬೆರೆಸಬಾರದೆಂದು ಆಜ್ಞೆ ಹೊರಡಿಸಿದ್ದರು. ಒಂದು ರಾತ್ರಿ ಒಂದು ಮನೆಯಲ್ಲಿ ತಾಯಿ ಮಗಳಿಗೆ ನೀರು ಬೆರೆಸಲು ಹೇಳುತ್ತಾಳೆ. ಖಲೀಫರು ನೋಡುತ್ತಿಲ್ಲವಲ್ಲ ಎನ್ನುತ್ತಾಳೆ. ಖಲೀಫರು ನೋಡದಿದ್ದರೂ ಅವರ ಪ್ರಭು ನೋಡುತ್ತಿದ್ದಾನೆ ಎಂದು ಮಗಳು ನಿರಾಕರಿಸುತ್ತಾಳೆ. ಸಂತೆಯ ಅಧಿಕಾರಿಯ ಕಣ್ಣು ಸಂತೆಯವರೆಗೆ ಮಾತ್ರ. ಅಡುಗೆಮನೆಯ ಕತ್ತಲೆಯಲ್ಲಿ ನಮ್ಮದೇ ಕಣ್ಣು ಬೇಕು. ಈ ಎರಡೂ ಕಣ್ಣುಗಳ ಮಾತು ಮುಂದೆಯೂ ಬರುತ್ತದೆ.

ಯಂತ್ರಯುಗದ ಕಲಬೆರಕೆ

ಹಳ್ಳಿಯಲ್ಲಿ ಹಾಲು ಕೊಡುವವನ ಮುಖ ನಮಗೆ ಗೊತ್ತಿರುತ್ತದೆ. ನಗರ ಬೆಳೆದಂತೆ ತಿನ್ನುವವನಿಗೂ ಬೆಳೆಯುವವನಿಗೂ ನಡುವೆ ಹತ್ತು ಕೈಗಳು ಬಂದವು. ಕೈಗಾರಿಕಾ ಕ್ರಾಂತಿಯ ಇಂಗ್ಲೆಂಡಿನಲ್ಲಿ ಇದು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡಿತು. 1820ರಲ್ಲಿ ಲಂಡನ್ನಿನಲ್ಲಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಆಕ್ಕಮ್ ಕಲಬೆರಕೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಮಿಠಾಯಿಗೆ ಸೀಸದ ಬಣ್ಣ, ಉಪ್ಪಿನಕಾಯಿಯ ಹಸಿರಿಗೆ ತಾಮ್ರ, ಚಹಾಕ್ಕೆ ಬೇಲಿಗಿಡದ ಎಲೆ ಬೆರೆಸುವುದನ್ನು ಬಯಲಿಗೆ ತಂದರು. ತಪ್ಪಿತಸ್ಥರ ಹೆಸರನ್ನೂ ಅಚ್ಚು ಹಾಕಿದರು. ಸಾವಿರ ಪ್ರತಿಗಳು ಒಂದೇ ತಿಂಗಳಲ್ಲಿ ಮಾರಾಟವಾದವು. ಆದರೆ ಮರುವರ್ಷವೇ, ಗ್ರಂಥಾಲಯದ ಪುಸ್ತಕಗಳ ಹಾಳೆ ಹರಿದರೆಂಬ ಆರೋಪ ಹೊತ್ತು ಅವರು ಇಂಗ್ಲೆಂಡನ್ನೇ ಬಿಡಬೇಕಾಯಿತು. ಜನರ ಆಸಕ್ತಿಯೂ ಅವರೊಂದಿಗೆ ಹೊರಟುಹೋಯಿತು.

ಮತ್ತೆ 30 ವರ್ಷ ಕಳೆದ ಮೇಲೆ, 1851ರಿಂದ ವೈದ್ಯ ಆರ್ಥರ್ ಹಿಲ್ ಹಸ್ಸಾಲ್ ಸೂಕ್ಷ್ಮದರ್ಶಕ ಹಿಡಿದು ಅಂಗಡಿ ಅಂಗಡಿಯ ಮಾದರಿಗಳನ್ನು ಪರೀಕ್ಷಿಸಿದರು. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಅಂಗಡಿಗಳ ವಿಳಾಸ ಸಮೇತ ಆ ವರದಿಗಳನ್ನು ಪ್ರಕಟಿಸಿತು. ಆಗಲೂ ಕಾನೂನು ಬರಲಿಲ್ಲ. 1858ರಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಸಕ್ಕರೆ ಉಳಿಸಲು ಪುದೀನ ಮಿಠಾಯಿಗೆ ಬೆರೆಸುತ್ತಿದ್ದ ಬಿಳಿ ಪುಡಿಯ ಬದಲು ತಪ್ಪಾಗಿ ಪಾಷಾಣವನ್ನು ಬೆರೆಸಿಬಿಟ್ಟರು. ಸುಮಾರು 20 ಜನ ಸತ್ತರು, 200 ಜನ ಕಾಯಿಲೆ ಬಿದ್ದರು. 1860ರಲ್ಲಿ ಮೊದಲ ಕಾನೂನು ಬಂತು, ಅದು ದುರ್ಬಲವಾಗಿತ್ತು. ಹಲ್ಲಿರುವ ಕಾನೂನು ಬಂದದ್ದು 1875ರಲ್ಲಿ. ಅಂದರೆ ಆಕ್ಕಮ್ ಎಚ್ಚರಿಸಿ 55 ವರ್ಷಗಳಾಗಿದ್ದವು!

ಈ 55 ವರ್ಷದ ಅಂತರವನ್ನು ದಯವಿಟ್ಟು ನೆನಪಿನಲ್ಲಿಡಿ. ತಿಳಿದವರು ಹೇಳುತ್ತಾರೆ, ಜನ ಬೆಚ್ಚುತ್ತಾರೆ, ಮರೆಯುತ್ತಾರೆ. ಸಾವುಗಳಾದ ಮೇಲೆ ಕಾನೂನು ಬರುತ್ತದೆ. ನಮ್ಮ ದೇಶದ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಹಸಿವು, ತುಪ್ಪ ಮತ್ತು ಗೋಧಿ

ಬ್ರಿಟಿಷರ ಕಾಲದಲ್ಲಿ ಆಯಾ ಪ್ರಾಂತ್ಯಗಳು ತಮ್ಮದೇ ಕಲಬೆರಕೆ ಕಾನೂನು ಮಾಡಿಕೊಂಡಿದ್ದವು. ಆಗ ಜನರ ದೊಡ್ಡ ದೂರು ತುಪ್ಪದ ಬಗ್ಗೆ. ಎಣ್ಣೆಯನ್ನು ಗಟ್ಟಿ ಮಾಡಿ ತಯಾರಿಸುವ ವನಸ್ಪತಿ ನಮ್ಮ ದೇಶಕ್ಕೆ ಬಂತು. 1937ರಲ್ಲಿ ಡಾಲ್ಡಾ ಮಾರುಕಟ್ಟೆ ಪ್ರವೇಶಿಸಿತು. ನೋಡಲು ತುಪ್ಪದಂತೆಯೇ ಇರುವುದರಿಂದ ತುಪ್ಪಕ್ಕೆ ಬೆರೆಸುವುದು ಸುಲಭವಾಯಿತು. ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯ ಸ್ವಾರಸ್ಯಕರವಾಗಿದೆ. ವನಸ್ಪತಿಯಲ್ಲಿ ಶೇ. 5ರಷ್ಟು ಎಳ್ಳೆಣ್ಣೆ ಇರಲೇಬೇಕು ಎಂಬ ನಿಯಮ ಮಾಡಿದರು. ಎಳ್ಳೆಣ್ಣೆ ಇದ್ದರೆ ಬೋಡ್ವಾ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತದೆ. ತುಪ್ಪದ ಮಾದರಿ ಕೆಂಪಾದರೆ ಅದರಲ್ಲಿ ವನಸ್ಪತಿ ಸೇರಿದೆ ಎಂದು ಅನುಮಾನಿಸಬಹುದು. ಕಳ್ಳನ ಕಾಲಿಗೆ ಮೊದಲೇ ಗೆಜ್ಜೆ ಕಟ್ಟಿದಂತೆ!

ಸ್ವಾತಂತ್ರ್ಯಾನಂತರ ಇಡೀ ದೇಶಕ್ಕೆ ಒಂದೇ ಕಾನೂನು ಬಂತು. ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲಿ ಅಂಗೀಕಾರವಾಗಿ 1955ರ ಜೂನ್ 1ರಿಂದ ಜಾರಿಯಾಯಿತು. ಆದರೆ ಆ ಕಾಲದ ಸಾಮಾನ್ಯ ಮನುಷ್ಯನ ಚಿಂತೆ ಶುದ್ಧತೆಗಿಂತ ಹೊಟ್ಟೆಯದಾಗಿತ್ತು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತದ್ದನ್ನು ದೇಶ ಮರೆತಿರಲಿಲ್ಲ. ಅಮೆರಿಕದ ಹಡಗಿನ ಗೋಧಿಗಾಗಿ ರೇಷನ್ ಅಂಗಡಿಯ ಮುಂದೆ ಸಾಲು ನಿಂತ ಅನುಭವ ನಮ್ಮ ಅಜ್ಜ-ಅಜ್ಜಿಯರದು. 1965-66ರ ಬರದ ನಂತರ ಭಾರತ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿತು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿಯ ಬೆಳೆ 1967-68ರಲ್ಲಿ 1.6 ಕೋಟಿ ಟನ್ ದಾಟಿತು. ಇದೇ ಹಸಿರು ಕ್ರಾಂತಿ.

ಆ ಬೀಜದ ಜೊತೆ ರಾಸಾಯನಿಕ ಗೊಬ್ಬರವೂ ಕೀಟನಾಶಕವೂ ಬಂದವು. ಇಂದು ಹೊಟ್ಟೆ ತುಂಬಿದ ನಾವು ಹಸಿರು ಕ್ರಾಂತಿಯನ್ನು ಸುಲಭವಾಗಿ ಜರಿಯುತ್ತೇವೆ. ಹಸಿದವನು ಈ ರೊಟ್ಟಿ ಹೇಗೆ ಬೆಳೆಯಿತು ಎಂದು ಕೇಳಲಾರ. ಕೇಳುವ ಶಕ್ತಿ ಬಂದದ್ದೇ ರೊಟ್ಟಿ ಸಿಕ್ಕಿದ ಮೇಲೆ. ಇತಿಹಾಸದ ವಿದ್ಯಾರ್ಥಿಗಳು ಈ ನ್ಯಾಯವನ್ನು ಮರೆಯಬಾರದು.

ಆದರೂ ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನ ಆಹಾರ ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಸಾಗಾಟದ ವೇಳೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಆಹಾರ ಪದಾರ್ಥಕ್ಕೆ ತಗುಲಿತ್ತು. ವಿಷದ ಡಬ್ಬಿಯನ್ನೂ ಅನ್ನದ ಚೀಲವನ್ನೂ ಒಟ್ಟಿಗೆ ಇಡಬಾರದು ಎಂಬ ಸಣ್ಣ ಪಾಠ ಅದು. ವಿಚಾರಣಾ ಆಯೋಗ ಕುಳಿತಿತು. ಹತ್ತು ವರ್ಷದ ನಂತರ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. 1962ರಲ್ಲಿ ಅಮೆರಿಕದಲ್ಲಿ ರಾಚೆಲ್ ಕಾರ್ಸನ್ ಬರೆದ 'ಸೈಲೆಂಟ್ ಸ್ಪ್ರಿಂಗ್' ಎಂಬ ಪುಸ್ತಕ ಡಿಡಿಟಿಯ ಅಪಾಯವನ್ನು ಜಗತ್ತಿಗೆ ತಿಳಿಸಿತ್ತು. ಆದರೂ ನಮ್ಮಲ್ಲಿ ಕೃಷಿಗೆ ಡಿಡಿಟಿ ಬಳಕೆ ನಿಂತದ್ದು 1989ರಲ್ಲಿ.

ಗೇರುತೋಟದ ಮೇಲೆ ಹಾರಿದ ಹೆಲಿಕಾಪ್ಟರ್

ಕೀಟನಾಶಕದ ಬಗ್ಗೆ ಕನ್ನಡ ಜನ ಎಚ್ಚೆತ್ತದ್ದು ಪುಸ್ತಕದಿಂದಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ತೋಟದ ಕೆಳಗೆ ಮನೆಗಳಿದ್ದವು, ತೋಡುಗಳಿದ್ದವು, ಕುಡಿಯುವ ನೀರಿನ ಸುರಂಗಗಳಿದ್ದವು. ಆಚೆ ದಕ್ಷಿಣ ಕನ್ನಡದ ಗೇರು ನೆಡುತೋಪುಗಳಲ್ಲೂ ಇದೇ ಸಿಂಪಡಣೆ ನಡೆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು.

ಪಡ್ರೆ ಗ್ರಾಮದ ವಾಣಿನಗರದಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ಸಣ್ಣ ಊರೊಂದರಲ್ಲಿ ಇಷ್ಟೊಂದು ಬುದ್ಧಿಮಾಂದ್ಯ, ಅಂಗವಿಕಲ ಮಕ್ಕಳು, ಇಷ್ಟೊಂದು ಕ್ಯಾನ್ಸರ್ ಏಕೆ ಎಂಬ ಪ್ರಶ್ನೆ ಮೂಡಿತು. ಪತ್ರಕರ್ತ ಶ್ರೀ ಪಡ್ರೆ ತಮ್ಮ ಊರಿನ ಕರುಗಳ ಅಂಗವೈಕಲ್ಯದ ಬಗ್ಗೆ 1979ರ ವೇಳೆಗೇ ಬರೆದಿದ್ದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ ನ್ಯಾಯಾಲಯದ ಮೆಟ್ಟಿಲೇರಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ರೋಗಗಳಿಗೂ ಈ ವಿಷಕ್ಕೂ ಇರುವ ಸಂಬಂಧದ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು, ಸಮಿತಿಯ ಮೇಲೆ ಸಮಿತಿ ಬಂತು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಮೊದಲ ಬರಹದಿಂದ ನಿಷೇಧದವರೆಗೆ 32 ವರ್ಷ! ಆ ಅವಧಿಯಲ್ಲಿ ಹುಟ್ಟಿದ ಮಗುವೊಂದು ಹಾಸಿಗೆಯಲ್ಲೇ ಮಲಗಿ ಮಧ್ಯವಯಸ್ಸಿನತ್ತ ಸಾಗಿರುತ್ತದೆ. ತಾಯಿಗೆ ಈ ವರ್ಷಗಳು ಬರೀ ಅಂಕಿಗಳಲ್ಲ.

'ಸಾವಯವ' ಎಂಬ ಶಬ್ದ ಬಂದ ದಾರಿ

ವಿಷವಿಲ್ಲದೆ ಬೆಳೆಯಬೇಕೆಂಬ ವಿಚಾರ ಪಾಶ್ಚಾತ್ಯರಿಂದ ಬಂತು ಎಂದು ಕೆಲವರು, ಅದು ಪೂರ್ತಿ ನಮ್ಮದೇ ಎಂದು ಕೆಲವರು ವಾದಿಸುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಇಂಗ್ಲಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದರು. ರೈತರಿಗೆ ಕಲಿಸಲು ಬಂದವರು ರೈತರಿಂದಲೇ ಕಲಿತರು. 1924ರಿಂದ 1931ರವರೆಗೆ ಇಂದೋರಿನಲ್ಲಿ ಸಗಣಿ, ಕಸ, ಸೊಪ್ಪುಗಳನ್ನು ಪದರ ಪದರವಾಗಿ ಕೊಳೆಸುವ 'ಇಂದೋರ್ ವಿಧಾನ'ವನ್ನು ರೂಪಿಸಿದರು. 1940ರಲ್ಲಿ ಅವರ ಪುಸ್ತಕ ಹೊರಬಂತು. ಅದೇ ವರ್ಷ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ 'ಆರ್ಗ್ಯಾನಿಕ್' ಕೃಷಿ ಎಂಬ ಪದವನ್ನು ಬಳಕೆಗೆ ತಂದರು. ನಮ್ಮ ತಿಪ್ಪೆಯ ಜ್ಞಾನ ಇಂಗ್ಲಿಷ್ ಪುಸ್ತಕವಾಗಿ, ಲೋಕ ಸುತ್ತಿ, 'ಸಾವಯವ' ಎಂಬ ಹೆಸರು ಹೊತ್ತು ನಮ್ಮಲ್ಲಿಗೇ ಮರಳಿತು.

ಕರ್ನಾಟಕದಲ್ಲಿ ಈ ಚಳವಳಿಯನ್ನು ರೈತರೇ ಬೆಳೆಸಿದರು. ದೊಡ್ಡಬಳ್ಳಾಪುರ ತಾಲೂಕಿನ ಎಲ್. ನಾರಾಯಣ ರೆಡ್ಡಿ ತಮ್ಮ ಹೊಲವನ್ನೇ ಶಾಲೆ ಮಾಡಿ, 2019ರಲ್ಲಿ ತೀರಿಕೊಳ್ಳುವವರೆಗೂ ಸಾವಿರಾರು ಜನರಿಗೆ ಕಲಿಸಿದರು. ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ರೈತರ ಕೈಗೇ ಲೇಖನಿ ಕೊಟ್ಟಿತು. 2004ರಲ್ಲಿ ರಾಜ್ಯ ಸರ್ಕಾರ ಸಾವಯವ ಕೃಷಿ ನೀತಿ ಪ್ರಕಟಿಸಿತು. ಕೇಂದ್ರದ ಸಾವಯವ ದೃಢೀಕರಣ ವ್ಯವಸ್ಥೆ 2001ರಲ್ಲಿ ಆರಂಭವಾದದ್ದು ಮುಖ್ಯವಾಗಿ ರಫ್ತಿಗಾಗಿ. ನಮ್ಮ ದೇಶದ ಗ್ರಾಹಕನಿಗಾಗಿ 'ಜೈವಿಕ್ ಭಾರತ್' ಚಿಹ್ನೆ ಬರಲು 2017 ಆಗಬೇಕಾಯಿತು. ಹೊರಗಿನವರ ತಟ್ಟೆಯ ಚಿಂತೆ ಮೊದಲು, ಮನೆಯವರದು ಆಮೇಲೆ!

ಕನ್ನಡ ಶಿಕ್ಷಕಿಯಾಗಿ ನನ್ನ ಗಮನ ಸೆಳೆದ ಒಂದು ಮಾತು ಹೇಳುತ್ತೇನೆ. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆಗಳನ್ನು ಹಿಂದೆ 'ತೃಣಧಾನ್ಯ', 'ಕಿರುಧಾನ್ಯ' ಎನ್ನುತ್ತಿದ್ದರು. ತೃಣ ಎಂದರೆ ಹುಲ್ಲು. ಬಡವರ ಊಟವೆಂದು ಅವುಗಳನ್ನು ಬಿಟ್ಟು ಬಿಳಿ ಅಕ್ಕಿಯ ಹಿಂದೆ ಹೋದೆವು. ಈಚಿನ ವರ್ಷಗಳಲ್ಲಿ ಅವೇ 'ಸಿರಿಧಾನ್ಯ'ಗಳಾದವು. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಕಾಳು ಬದಲಾಗಲಿಲ್ಲ, ನಮ್ಮ ನೋಟ ಬದಲಾಯಿತು. ಬೆಲೆಯೂ ಬದಲಾಯಿತು, ಬಡವರ ಧಾನ್ಯ ಈಗ ಬಡವರ ಕೈಗೆ ಎಟುಕುವುದು ಕಷ್ಟವಾಗಿದೆ.

ಇಲ್ಲಿ ಎರಡು ಎಚ್ಚರಿಕೆಗಳೂ ಅಗತ್ಯ. ಮೊದಲನೆಯದು, ಅವಸರ ಸಲ್ಲದು. ಸಿಕ್ಕಿಂ ರಾಜ್ಯ 2003ರಲ್ಲಿ ನಿರ್ಧರಿಸಿ, ಹಂತ ಹಂತವಾಗಿ ನಡೆದು, 2016ರಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿಸಿಕೊಂಡಿತು. ಶ್ರೀಲಂಕಾ 2021ರಲ್ಲಿ ದಿಢೀರನೆ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿತು. ಭತ್ತದ ಇಳುವರಿ ಕುಸಿದು ಕೆಲವೇ ತಿಂಗಳಲ್ಲಿ ಹಿಂದೆ ಸರಿಯಬೇಕಾಯಿತು. ಎರಡನೆಯದು, ಸಾವಯವ ಎಂದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ. 2011ರಲ್ಲಿ ಜರ್ಮನಿಯಲ್ಲಿ ಒಂದು ಸಾವಯವ ತೋಟದ ಮೊಳಕೆಕಾಳು ತಿಂದು ರೋಗಾಣು ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಬೆರಳು ತೋರಿದ್ದು ಆಮದಾದ ಮೆಂತ್ಯದ ಬೀಜಗಳತ್ತ. ವಿಷವಿಲ್ಲದೆ ಬೆಳೆದದ್ದನ್ನೂ ತೊಳೆಯಬೇಕು, ಬೇಯಿಸಬೇಕು, ಮುಚ್ಚಿಡಬೇಕು.

ಅಲೆಯಂತೆ ಬಂದು ಹೋಗುವ ಕಾಳಜಿ

ಕಳೆದ ಮೂರು ದಶಕಗಳನ್ನು ನೋಡಿದರೆ ನಮ್ಮ ಕಾಳಜಿ ಅಲೆಯಂತೆ ಏರಿ ಇಳಿಯುವುದು ಕಾಣುತ್ತದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತಾಗ ದೇಶವೇ ಬೆಚ್ಚಿತು. 2003ರಲ್ಲಿ ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶವಿದೆ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ವರದಿ ನೀಡಿತು. ಸಂಸತ್ತಿನ ಜಂಟಿ ಸಮಿತಿಯೇ ಕುಳಿತಿತು. ಕೆಲವು ತಿಂಗಳು ಮದುವೆ ಮನೆಗಳಲ್ಲೂ ಶರಬತ್ತಿಗೆ ಮಾನ ಬಂತು. ಆಮೇಲೆ ಬಾಟಲಿಗಳು ಮರಳಿದವು. 2006ರಲ್ಲಿ ಹೊಸ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದು, 2011ರ ಆಗಸ್ಟ್ 5ರಿಂದ ಹಳೆಯ ಕಾಯ್ದೆಯ ಜಾಗದಲ್ಲಿ ಜಾರಿಯಾಯಿತು. 2015ರಲ್ಲಿ ಮ್ಯಾಗಿ ನೂಡಲ್ಸ್ ಮಾರಾಟಕ್ಕೆ ತಡೆ ಬಿತ್ತು. ಎರಡು ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ ಹೊಸ ಪರೀಕ್ಷೆಗೆ ಸೂಚಿಸಿತು, ನವೆಂಬರಿನಲ್ಲಿ ಪೊಟ್ಟಣಗಳು ಅಂಗಡಿಗೆ ಬಂದವು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ, 25 ಬೊಂಬಾಯಿ ಮಿಠಾಯಿ ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂತು; ಅಂಥ ಬಣ್ಣ ನಿಷೇಧವಾಯಿತು, ಜೂನ್‌ನಲ್ಲಿ ಕಬಾಬಿಗೂ ನಿಷೇಧ ವಿಸ್ತರಿಸಿತು. ಒಂದು ತಿಂಗಳು ಗಾಡಿಗಳ ಗೋಬಿ ಕಂದು ಬಣ್ಣಕ್ಕೆ ತಿರುಗಿತ್ತು. ಈಗ ನಿಮ್ಮ ಊರಿನ ಗಾಡಿಯಲ್ಲಿ ಯಾವ ಬಣ್ಣವಿದೆ? ನೀವೇ ನೋಡಿ.

ಈ ಎಲ್ಲಕ್ಕಿಂತ ನನ್ನನ್ನು ಕಾಡುವ ಘಟನೆ 2013ರ ಜುಲೈ 16ರದು. ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿತ್ತು. ಎಣ್ಣೆಯನ್ನು ಆ ವಿಷದ ಹಳೆಯ ಡಬ್ಬಿಯಲ್ಲಿ ಇಟ್ಟಿದ್ದರೆಂದು ವರದಿಯಾಯಿತು. ತರಕಾರಿ ಬೆಳೆಗೆ ಬಳಸಬಾರದೆಂದು 2005ರಲ್ಲೇ ನಿಷೇಧಿಸಿದ್ದ ವಿಷವದು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯಾಕೆ ಹೇಳಿದ್ದರೆಂದೂ, ಊಟದ ರುಚಿ ಸರಿಯಿಲ್ಲ ಎಂದು ಮಕ್ಕಳು ಹೇಳಿದ್ದರೆಂದೂ ಪತ್ರಿಕೆಗಳು ಬರೆದವು.

ಓದುಗರೇ, 1958ರ ಕೇರಳವನ್ನು ನೆನಪಿಸಿಕೊಳ್ಳಿ. ವಿಷವನ್ನೂ ಅನ್ನವನ್ನೂ ದೂರ ಇಡಬೇಕೆಂಬ ಅದೇ ಪಾಠ. 1958ರಿಂದ 2013ಕ್ಕೆ 55 ವರ್ಷ. ಇಂಗ್ಲೆಂಡಿನಲ್ಲಿ ಎಚ್ಚರಿಕೆಯಿಂದ ಕಾನೂನಿನವರೆಗೆ 55 ವರ್ಷ. ನಮ್ಮಲ್ಲಿ ಒಂದು ಸಾವಿನಿಂದ ಅಂಥದ್ದೇ ಮತ್ತೊಂದು ಸಾವಿನವರೆಗೆ 55 ವರ್ಷ. ಕಾನೂನು ಇತ್ತು, ಆದೇಶಗಳಿದ್ದವು. ಇಲ್ಲದಿದ್ದದ್ದು ದಿನನಿತ್ಯದ ಎಚ್ಚರ.

2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬಿಸಿಯೂಟ ನಿಯಮಗಳಲ್ಲಿ, ಮಕ್ಕಳಿಗೆ ಬಡಿಸುವ ಮೊದಲು ಇಬ್ಬರು ಮೂವರು ವಯಸ್ಕರು, ಅವರಲ್ಲಿ ಕನಿಷ್ಠ ಒಬ್ಬ ಶಿಕ್ಷಕರು, ಊಟವನ್ನು ರುಚಿ ನೋಡಬೇಕೆಂದು ಸ್ಪಷ್ಟವಾಗಿ ಸೇರಿಸಲಾಯಿತು. ನಾನು ನೋಡದೆ ಸಹಿ ಹಾಕಿದ ರಿಜಿಸ್ಟರಿನ ಹಿಂದೆ ಆ 23 ಮಕ್ಕಳಿದ್ದಾರೆ.

ನಾವು ಮಾಡಬಹುದಾದ ಕೆಲಸಗಳು

ಎಲ್ಲರೂ ಸಾವಯವ ಅಂಗಡಿಯಲ್ಲಿ ಖರೀದಿಸಲು ಸಾಧ್ಯವಿಲ್ಲ. ಆದರೆ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ.

ಪೊಟ್ಟಣ ಕೊಳ್ಳುವಾಗ 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಾವಯವ ಎಂದು ಹೆಚ್ಚು ಬೆಲೆ ಕೇಳಿದರೆ ಅಧಿಕೃತ ಸಾವಯವ ದೃಢೀಕರಣದ ಚಿಹ್ನೆ ಇದೆಯೇ ನೋಡಿ. ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಹೆಚ್ಚು ವಹಿವಾಟಿಲ್ಲದೆ ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ದೃಢೀಕರಣದಿಂದ ವಿನಾಯಿತಿ ಇದೆ. ಅಂಥವರಲ್ಲಿ ಹೊಲ ಎಲ್ಲಿದೆ, ಏನು ಗೊಬ್ಬರ ಹಾಕುತ್ತೀರಿ ಎಂದು ಕೇಳಿ. ನಿಜವಾದ ಬೆಳೆಗಾರನಿಗೆ ಆ ಪ್ರಶ್ನೆ ಬೇಸರ ತರುವುದಿಲ್ಲ.

ಶಾಲೆಯಲ್ಲಿ ಸಣ್ಣ ಪ್ರಯೋಗಗಳನ್ನು ಮಾಡಿ. ಒದ್ದೆ ಮಾಡಿದ ಸೋಸುಕಾಗದದ ಮೇಲೆ ಚಹಾಪುಡಿ ಹಾಕಿದಾಗ ತಕ್ಷಣ ಗಾಢ ಕಲೆ ಹರಡಿದರೆ ಬಣ್ಣ ಬೆರೆಸಿರುವ ಸಾಧ್ಯತೆ ಇದೆ. ಕಾಳುಮೆಣಸನ್ನು ನೀರಿಗೆ ಹಾಕಿದರೆ ಒಳ್ಳೆಯದು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಹಾಲಿಗೆ ಎರಡು ಹನಿ ಅಯೋಡಿನ್ ಹಾಕಿದಾಗ ನೀಲಿಯಾದರೆ ಹಿಟ್ಟು ಬೆರೆತಿದೆ. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಿ. ಆಮ್ಲ ಬಳಸುವ ಪರೀಕ್ಷೆಗಳನ್ನು ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರಿನಲ್ಲಿಯೇ ಮಾಡಬೇಕು. ಇವು ಅನುಮಾನ ಹುಟ್ಟಿಸುವ ಪರೀಕ್ಷೆಗಳು, ಅಂತಿಮ ತೀರ್ಪಲ್ಲ. ತೀರ್ಪು ಬೇಕಾದರೆ ಯಾವುದೇ ಗ್ರಾಹಕ ನಿಗದಿತ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು 2006ರ ಕಾಯ್ದೆಯಲ್ಲಿದೆ. ಆಹಾರ ಸುರಕ್ಷಿತವಲ್ಲವೆಂದು ಸಾಬೀತಾದರೆ ಶುಲ್ಕ ವಾಪಸು ಸಿಗುತ್ತದೆ.

ಹೊಲ-ತೋಟ ಇರುವ ಮನೆಯ ಮಕ್ಕಳಿಗೆ ಒಂದು ವಿಶೇಷ ವಿನಂತಿ. ಕೀಟನಾಶಕದ ಖಾಲಿ ಡಬ್ಬಿಯನ್ನು ತೊಳೆದು ಎಣ್ಣೆ, ನೀರು ತುಂಬಲು ಬಳಸುತ್ತಿದ್ದರೆ ಅಬ್ಬಾ-ಅಮ್ಮಿಗೆ ಇಂದೇ ಹೇಳಿ ನಿಲ್ಲಿಸಿ. ಡಬ್ಬಿಗೆ ತೂತು ಮಾಡಿ ಯಾರೂ ಬಳಸದಂತೆ ಮಾಡಿಸಿ. 1958 ಮತ್ತು 2013ರ ಪಾಠ ಇಷ್ಟೇ.

ಮೇಲೆ ಎರಡು ಕಣ್ಣುಗಳ ಮಾತು ಬಂದಿತ್ತು. ಸಂತೆಯ ಅಧಿಕಾರಿಯ ಕಣ್ಣು ಒಂದು, ಹಾಲು ಮಾರುವ ಮನೆಯ ಮಗಳ ಕಣ್ಣು ಇನ್ನೊಂದು. ಮೊದಲನೆಯದನ್ನು ಸರ್ಕಾರ ಕೊಡಬೇಕು, ಕೊಡದಿದ್ದರೆ ಕೇಳಿ ಪಡೆಯಬೇಕು. ಎರಡನೆಯದನ್ನು ಯಾವ ಕಾಯ್ದೆಯೂ ಕೊಡಲಾರದು.

ಈಗ ನನ್ನ ಸರದಿಯ ದಿನ ಖಾಲಾ ತಟ್ಟೆ ತಂದಾಗ ಕೈಯಲ್ಲಿನ ಕೆಲಸ ಬದಿಗಿಟ್ಟು ಕುಳಿತು ತಿನ್ನುತ್ತೇನೆ. ಎಣ್ಣೆಯ ಡಬ್ಬಿಯನ್ನು ಆಗಾಗ ಹೋಗಿ ನೋಡುತ್ತೇನೆ. ಖಾಲಾ ಏನಾದರೂ ಅನುಮಾನ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಆ ಹುಡುಗಿಗೂ ತಡವಾಗಿ ಸರಿಯಾದ ಉತ್ತರ ಕೊಟ್ಟೆ: "ಬೇಟಿ, ಅಮ್ಮಿ ಅಡುಗೆ ಮಾಡುವಾಗಲೇ ಉಪ್ಪು-ಖಾರ ನೋಡುತ್ತಾರಲ್ಲ, ಅದೇ ಕೆಲಸ ನಾನು ಇಲ್ಲಿ ಮಾಡುತ್ತೇನೆ."

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಹಾಗಾದರೆ ದಿನಾ ನೋಡುತ್ತೀರಾ ಟೀಚರ್?"

ದಿನಾ ನೋಡಬೇಕು. ಅದೇ ಈ ಇತಿಹಾಸದ ಸಾರ.